ಹಬೆಮನೆಯವರು ಹೂಂ ಅಂದದ್ದು

ನಮ್ಮ ಮನೆಯ ಹಿತ್ತಲ ಕಟ್ಟೆ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕುರ್ಚಿ ಬದಲಾಯಿಸಿಕೊಡಿ ಎಂದು ನಿನ್ನ ಕಚೇರಿಯವರನ್ನು ಕೇಳಿದೆಯಾ, ಇಲ್ಲ ಇನ್ನೂ ಆ ಒಂದು ಕಡೆ ವಾಲುವ ಕುರ್ಚಿಯಲ್ಲೇ ಕೂತು ಊರಿಗೆಲ್ಲ ಕರೆಂಟು ಹಂಚುತ್ತಿದ್ದೀಯಾ? ಮಧ್ಯಾಹ್ನದ ಊಟ ಬಿಡಬೇಡ. ಬಿಸ್ಕತ್ತು ಊಟವಲ್ಲ ಎಂದು ಎಷ್ಟು ಸಲ ಹೇಳಿದರೂ ನೀನು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ನಿನ್ನ ಅಪ್ಪ ಚೆನ್ನಾಗಿದ್ದಾರೆ. ರಾತ್ರಿ ಕೆಮ್ಮು ಬಹಳ ಕಡಿಮೆಯಾಗಿದೆ, ಈಗ ಗೊರಕೆ ಮಾತ್ರ. ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ, ಅದರ ಸುದ್ದಿ ಬೇಡ.

ಫೋನು ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಿನ್ನ ಜೊತೆ ಜಗಳವಾಡುವುದು ನನ್ನಿಂದಾಗದು. ನಾನು ಮಾತು ಎತ್ತುವಷ್ಟರಲ್ಲಿ "ಅಮ್ಮಾ, ಒಂದ್ನಿಮಿಷ ಕೇಳು, ಅದು ಹಾಗಲ್ಲ" ಎಂದು ಶುರುಮಾಡುತ್ತೀಯ. ನಿನ್ನ ಒಂದು ನಿಮಿಷ ಮುಗಿಯುವಷ್ಟರಲ್ಲಿ ನಾನು ಏನು ಕೇಳಬೇಕೆಂದಿದ್ದೆ ಎನ್ನುವುದೇ ಮರೆತುಹೋಗಿ, ಹೂಂ ಸರಿ ಊಟ ಮಾಡು ಎಂದು ಇಟ್ಟುಬಿಡುತ್ತೇನೆ. ಕಾಗದದಲ್ಲಿ ನೀನು ಅಡ್ಡಬಾಯಿ ಹಾಕಲಾರೆ. ನನಗೆ ಕೋಪ ಬಂದಿದೆ. ಆಗಾಗ ಬಂದು ಹೋಗುವ ಕೋಪವಲ್ಲ, ತಿಂಗಳುಗಳಿಂದ ಹೊಟ್ಟೆಯೊಳಗೆ ಕೂತಿರುವ ಕೋಪ. ಅದನ್ನು ಇವತ್ತು ಪೂರ್ತಿ ಇಳಿಸುತ್ತೇನೆ, ನೀನು ಪೂರ್ತಿ ಓದು.

ಮೊದಲು ಒಂದು ಮಾತು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಮುಚ್ಚಿತಲ್ಲ ಎಂದು ನಾನು ಅಳುತ್ತಿಲ್ಲ. ನಿಮ್ಮ ಯೋಜನೆಗೆ ಯಾರು ಎದುರಾಡಿದರೂ ಅವರಿಗೆ ಹಳೇ ಹೊಗೆಯ ಕಡೆಯವರು ಎಂದು ಹಣೆಪಟ್ಟಿ ಹಚ್ಚುವ ಚಾಳಿ ನಿನ್ನ ಕಚೇರಿಯಲ್ಲಿದೆ, ಆ ಪಟ್ಟಿ ನನ್ನ ಹಣೆಗೆ ಅಂಟುವುದಿಲ್ಲ. ಗಾಳಿ ಈ ಕಡೆ ತಿರುಗಿದ ದಿನ ಒಣಹಾಕಿದ ಆಸ್ಪತ್ರೆಯ ಹೊದಿಕೆಗಳ ಮೇಲೆಲ್ಲ ಮಸಿ ಕೂತು, ಒಗೆದದ್ದನ್ನೇ ಮತ್ತೆ ಒಗೆದವಳು ನಾನು. ನಿನ್ನ ಅಪ್ಪ ಆ ಬಾಯ್ಲರ್ ಮುಂದೆ ನಿಂತು ಸಂಬಳದ ಜೊತೆಗೆ ಎದೆಯ ಗೊರಗೊರ ಸದ್ದನ್ನೂ ಮನೆಗೆ ತಂದರು. ಹೊಗೆಗೊಳವೆ ತಣ್ಣಗಾದ ದಿನ ಬೀದಿಗೆಲ್ಲ ಸಿಹಿ ಹಂಚಿದವಳೂ ನಾನೇ. ಅದನ್ನು ಮುಚ್ಚಿಸುವ ಕೆಲಸದಲ್ಲಿ ನನ್ನ ಮಗಳ ಕೈಯಿದೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹಾಗಾಗಿ ಅಮ್ಮನಿಗೆ ಹೊಸದು ಅರ್ಥವಾಗುವುದಿಲ್ಲ ಎನ್ನುವ ಮಾತನ್ನು ನಿನ್ನ ಹತ್ತಿರವೇ ಇಟ್ಟುಕೋ.

ಇನ್ನು ಹಬೆಮನೆಯ ವಿಷಯ. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಯಾಕೆಂದರೆ ಮರೆತಿರುವ ಹಾಗೆ ಕಾಣುತ್ತದೆ. ಸ್ಥಾವರದಲ್ಲಿ ಮಿಕ್ಕ ಹಬೆ ಸುಮ್ಮನೆ ಆಕಾಶಕ್ಕೆ ಹೋಗುತ್ತಿತ್ತು. ನೀನು ಹುಟ್ಟುವ ಮೊದಲು ಅಲ್ಲಿದ್ದ ದೊಡ್ಡ ಇಂಜಿನಿಯರು, ಬಟ್ಟೆ ಒಗೆಯುವ ನಮ್ಮ ಬೀದಿಯವರ ಕಷ್ಟ ನೋಡಿ, ಹೋಗಲಿ ಇವರ ಹಂಡೆಗಾದರೂ ಆಗಲಿ ಎಂದು ಗೋಣಿತಾಟು ಸುತ್ತಿದ ಒಂದು ಕೊಳವೆ ಎಳೆಸಿಕೊಟ್ಟರು. ಬೀದಿಯ ಕೊನೆಯ ತಗಡಿನ ಶೆಡ್ಡಿಗೆ ಆ ಹಬೆ ಬಂತು, ಅದೇ ಹಬೆಮನೆಯಾಯಿತು. ಅದರಿಂದ ಎರಡು ಹಂಡೆ ಕುದಿಯುತ್ತಿದ್ದವು, ಒಣಹಾಕುವ ಕೋಣೆ ಬೆಚ್ಚಗಿರುತ್ತಿತ್ತು, ದೊಡ್ಡ ಇಸ್ತ್ರಿ ರೋಲರ್ ಕಾಯುತ್ತಿತ್ತು. ಆಸ್ಪತ್ರೆಯ ಹೊದಿಕೆಯನ್ನು ಇಬ್ಬರು ಆ ಕಡೆಯಿಂದ ಕೊಟ್ಟರೆ ಇಬ್ಬರು ಈ ಕಡೆಯಿಂದ ಹಿಡಿದು ಮಡಿಸಬೇಕು, ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಕರೆಂಟು ಬೇಕಾದದ್ದು ಒಂದೇ ಒಂದು ಬಲ್ಬಿಗೆ ಮಾತ್ರ. ನೀನು ಹುಟ್ಟಿ ಎರಡು ತಿಂಗಳಿಗೆ ನಾನು ಅಲ್ಲಿಗೆ ವಾಪಸ್ಸು ಹೋದೆ, ನೀನು ಬಟ್ಟೆಬುಟ್ಟಿಯಲ್ಲಿ ಮಲಗಿರುತ್ತಿದ್ದೆ, ಯಾರ ಕೈ ಖಾಲಿಯಿದ್ದರೆ ಅವರು ನಿನ್ನನ್ನು ಎತ್ತಿಕೊಳ್ಳುತ್ತಿದ್ದರು.

ಅಲ್ಲಿ ಯಾರು ಯಾವ ಕೆಲಸಕ್ಕೆ ಎನ್ನುವುದನ್ನು ಬೆಳಿಗ್ಗೆ ಮೂಲೆಮನೆ ದೊಡ್ಡಮ್ಮ ಹೇಳುತ್ತಿದ್ದಳು. ಕೈ ಸುಟ್ಟುಕೊಂಡವಳಿಗೆ ಮಡಿಸುವ ಕೆಲಸ, ಬಸುರಿಗೆ ಕೂತು ಗುಂಡಿ ಹೊಲಿಯುವ ಕೆಲಸ, ಗಂಡ ಹಾಸಿಗೆ ಹಿಡಿದವಳು ಬರದಿದ್ದರೂ ಅವಳ ಪಾಲು ಅವಳ ಮನೆಗೆ. ದೊಡ್ಡಮ್ಮನನ್ನು ಯಾರೂ ನೇಮಿಸಿರಲಿಲ್ಲ. ಅವಳಿಗೆ ಬೈದುಕೊಳ್ಳುತ್ತಿದ್ದೆವು, ಆದರೆ ಅವಳ ಮಾತು ಮೀರುತ್ತಿರಲಿಲ್ಲ. ಅದನ್ನೇ ನಾವು ಪಾಳಿ ಎನ್ನುತ್ತಿದ್ದದ್ದು. ನೀನು ದೊಡ್ಡ ಓದು ಓದುವಾಗ ರಜೆಗೆ ಬಂದು, ಮಡಿಸುವ ಮೇಜಿನ ಮೇಲೆ ಒದ್ದೆ ಬೆರಳಿನಿಂದ ಮೂರು ಸುತ್ತು ಬರೆದದ್ದು ನೆನಪಿದೆಯಾ? ಒಂದು ಯಂತ್ರ, ಒಂದು ಕಟ್ಟುಪಾಡು, ಒಂದು ಜನ. "ಕರೆಂಟು ಬದಲಾಯಿಸೋದು ಅಂದ್ರೆ ಬರೀ ತಂತಿ ಬದಲಾಯಿಸೋದಲ್ಲ ಅಮ್ಮಾ, ಈ ಮೂರೂ ಒಟ್ಟಿಗೆ ಬದಲಾಗ್ಬೇಕು. ನಿಮ್ ಪಾಳಿ ಇದ್ಯಲ್ಲ, ಅದೂ ಒಂದು ಸಂಸ್ಥೆನೇ" ಎಂದಿದ್ದೆ. ದೊಡ್ಡಮ್ಮನಿಗೆ ಆವತ್ತು ಎಷ್ಟು ಹೆಮ್ಮೆ ಎಂದರೆ ವಾರವಿಡೀ ನಮ್ಮನ್ನೆಲ್ಲ "ಏಯ್, ಸಂಸ್ಥೆ ಹೇಳ್ತಿದೆ, ಹಂಡೆ ತೊಳೀರಿ" ಎಂದೇ ಕರೆದಳು. ಈಗ ನಿನ್ನ ಯೋಜನೆಯಲ್ಲಿ ನಾನು ಹುಡುಕುತ್ತಿದ್ದೇನೆ, ಯಂತ್ರ ಕಾಣುತ್ತದೆ, ಉಳಿದ ಎರಡು ಸುತ್ತುಗಳನ್ನು ಯಾರು ಒರೆಸಿದರು?

ಯೋಜನೆಗೆ ಬೀದಿಯವರ ಒಪ್ಪಿಗೆ ಕೇಳಿದ ಆ ಸಭೆಯ ದಿನದ ಮಾತಿಗೆ ಬರುತ್ತೇನೆ, ನನ್ನ ಮೈ ಉರಿಯುವುದು ಅಲ್ಲೇ. ಹಿಂದಿನ ದಿನ ನೀನು ಫೋನು ಮಾಡಿ "ಅಮ್ಮಾ, ನಾಳೆ ನೀನು ಏನೂ ಮಾತಾಡ್ಬೇಡ, ನಮ್ಮನೆಯವರೇ ಮಾತಾಡಿದ್ರೆ ಚೆನ್ನಾಗಿರಲ್ಲ" ಎಂದೆ. ಸರಿ, ಮಗಳ ಮರ್ಯಾದೆ ಎಂದು ನಾನು ಬಾಯಿಗೆ ಬೀಗ ಹಾಕಿಕೊಂಡೆ. ಹಬೆಮನೆಯಲ್ಲೇ ಸಭೆ. ನಿನ್ನನ್ನು ಎತ್ತಿ ಆಡಿಸಿದ ಬೀದಿಯ ಚಿಕ್ಕಮ್ಮಂದಿರೆಲ್ಲ ಮದುವೆಮನೆಗೆ ಹೊರಟವರ ಹಾಗೆ ಪೆಟ್ಟಿಗೆಯಲ್ಲಿದ್ದ ಬಟ್ಟೆ ತೆಗೆದು ಉಟ್ಟಿದ್ದರು. ನಾವು ಇಸ್ತ್ರಿ ಮಾಡಿದ ಹೊದಿಕೆಯನ್ನೇ ಗೋಡೆಗೆ ಕಟ್ಟಿ ಅದರ ಮೇಲೆ ನೀನು ಚಿತ್ರ ಬಿಟ್ಟೆ. ಪಕ್ಕದಲ್ಲಿ ನಿನ್ನ ಮೇಲಧಿಕಾರಿ, ಆ ಸೆಕೆಯಲ್ಲೂ ಕೋಟು ಬಿಚ್ಚದ ಮಹಾನುಭಾವರು. ಪ್ರತಿ ಮನೆಯ ಮಾಡಿಗೆ ಸೌರಫಲಕ, ಪ್ರತಿ ಮನೆಗೆ ಒಂದು ವಾಷಿಂಗ್ ಮೆಷಿನ್, ಒಂದು ಇಸ್ತ್ರಿಪೆಟ್ಟಿಗೆ ಎಂದೆ. ಬೀದಿಯ ಮನೆಗಳೆಲ್ಲ ಚಿತ್ರದಲ್ಲಿದ್ದವು. ನಾವೆಲ್ಲ ಆ ಹೊತ್ತು ಯಾವುದರೊಳಗೆ ಕೂತಿದ್ದೆವೋ ಆ ಶೆಡ್ಡು ಇರಲಿಲ್ಲ. ಕೋಟಿನವರು ಎದ್ದು "ಎಲ್ಲರಿಗೂ ಒಪ್ಪಿಗೆ ಇದೆಯಾ?" ಎಂದು ಕೇಳಿದರು. ಆಗ ಆ ಹೆಂಗಸರು ಚಿತ್ರದ ಕಡೆ ನೋಡಲಿಲ್ಲ ಮಗಳೇ, ನಿನ್ನ ಮುಖ ನೋಡಿದರು. ದಪ್ಪ ಚಿಕ್ಕಮ್ಮ "ನಮ್ ಹುಡುಗಿ ಮಾಡಿದ್ದು ಅಂದ್ಮೇಲೆ ಇನ್ನೇನ್ ಕೇಳೋದು, ಹೂಂ" ಎಂದಳು. ಅವಳ ಹಿಂದೆ ಎಲ್ಲರೂ ಹೂಂ. ಕೋಟಿನವರು ಮೊಬೈಲಿನಲ್ಲಿ ಫೋಟೋ ತೆಗೆದರು, ಎಲ್ಲರೂ ಹಲ್ಲು ಕಾಣುವಂತೆ ನಕ್ಕಿದ್ದಾರೆ.

ನೀನು ಕಾರು ಹತ್ತಿ ಹೋದ ಮೇಲೆ ನಾನು ದೊಡ್ಡಮ್ಮನನ್ನು ತಡೆದು ಕೇಳಿದೆ, ಹಬೆಮನೆಯ ಮಾತೇ ಬರಲಿಲ್ಲವಲ್ಲ, ನೀನಾದರೂ ಕೇಳಬಾರದಿತ್ತೇ ಎಂದು. ಅವಳು ಏನಂದಳು ಗೊತ್ತಾ? "ಆ ಕೋಟಿನವನ ಮುಂದೆ ನಮ್ ಮಗು ತಲೆ ತಗ್ಗಿಸೋ ಹಾಗಾಗ್ಬಾರ್ದು ಅಲ್ವೇನೇ? ಹಬೆಮನೆ ಆಮೇಲೆ ಕೇಳ್ಕೊಂಡ್ರಾಯ್ತು, ಅವಳೇನು ಇಲ್ಲ ಅಂತಾಳಾ?" ಹೀಗೆ ಹೂಂ ಅಂದರು ನಿನ್ನ ಚಿಕ್ಕಮ್ಮಂದಿರು. ಅದು ಯೋಜನೆಗೆ ಅಂದ ಹೂಂ ಅಲ್ಲ. ನೀನು ಪರೀಕ್ಷೆಯಲ್ಲಿ ಪಾಸಾಗಲಿ ಎಂದು ಅಂದ ಹೂಂ. ಬೇರೆ ಯಾವ ಇಂಜಿನಿಯರು ಬಂದು ಕೇಳಿದ್ದರೂ ಅವರು ಅವನ ತಲೆ ತಿಂದು ಕಳಿಸುತ್ತಿದ್ದರು. ಕಳೆದ ವರ್ಷ ಒಳಚರಂಡಿಯವನು ಬಂದಾಗ ದಪ್ಪ ಚಿಕ್ಕಮ್ಮ ಅವನ ನಕ್ಷೆಯನ್ನು ತಿರುಗಿಸಿ ಹಿಡಿದು ಅವನಿಗೇ ಪಾಠ ಮಾಡಿದ್ದಳು. ಅಂಥವಳ ಬಾಯಿ ಕಟ್ಟಿದ್ದು ನಿನ್ನ ಮೇಲಿನ ಪ್ರೀತಿ. ಆಮೇಲೆ ಪೇಪರಿನಲ್ಲಿ ಬಂತು, ನಿಮ್ಮಪ್ಪ ಜೋರಾಗಿ ಓದಿದರು, "ಸ್ಥಳೀಯರ ಸಂಪೂರ್ಣ ಸಮ್ಮತಿಯೊಂದಿಗೆ" ಎಂದು. ನಾನು ಪೇಪರು ಕಿತ್ತುಕೊಂಡು ಒಲೆಗೆ ಹಾಕಬೇಕೆಂದಿದ್ದೆ, ಅವರು ಫೋಟೋ ಕತ್ತರಿಸಿ ಗೋಡೆಗೆ ಅಂಟಿಸಿಬಿಟ್ಟಿದ್ದಾರೆ. ಈಗ ದಿನಾ ಊಟಕ್ಕೆ ಕೂತಾಗ ಆ ನಗುವನ್ನು ನೋಡಿಕೊಂಡು ಉಣ್ಣಬೇಕು.

ಈಗ ಏನಾಗಿದೆ ಕೇಳು. ಸ್ಥಾವರದ ಜೊತೆಗೇ ಹಬೆಯೂ ನಿಂತಿತು, ಮನೆಮನೆಗೆ ಮೆಷಿನ್ನು ಬಂತು. ಮೊದಲ ವಾರ ಎಲ್ಲರಿಗೂ ಖುಷಿಯೇ, ಸುಳ್ಳು ಹೇಳುವುದಿಲ್ಲ. ಮೆಷಿನ್ನು ತಿರುಗುವುದನ್ನು ನೋಡುತ್ತಾ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಆಮೇಲೆ ಆಸ್ಪತ್ರೆಯ ಹೊದಿಕೆ ಬಂತು. ಒಂದು ಮೆಷಿನ್ನಿಗೆ ಎರಡು ಹೊದಿಕೆ ಹಾಕಿದರೆ ಅದು ಉಬ್ಬಸ ಬಂದವರ ಹಾಗೆ ಏದುತ್ತದೆ. ಕುದಿಸುವುದಂತೂ ಇಲ್ಲವೇ ಇಲ್ಲ, ಕುದಿಸದ ಬಟ್ಟೆಯನ್ನು ಆಸ್ಪತ್ರೆಯವರು ಮುಟ್ಟುವುದಿಲ್ಲ. ಮನೆಯಲ್ಲೇ ದೊಡ್ಡ ಪಾತ್ರೆಯಿಟ್ಟು ಕುದಿಸುತ್ತೇವೆ, ಅಡುಗೆಗೆ ಒಲೆ ಖಾಲಿಯಿರುವುದಿಲ್ಲ. ಇಸ್ತ್ರಿಗೆ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದರೆ ಒಳಗೆ ಸುಕ್ಕು. ಸಂಜೆ ಒಂದಿಷ್ಟು ಹೆಚ್ಚು ಎಳೆದರೆ ಗೋಡೆಯ ಮೇಲಿನ ನಿಮ್ಮ ಜಾಣ ಮೀಟರಿನ ಪೆಟ್ಟಿಗೆ ಟಪ್ ಎಂದು ಕರೆಂಟು ಆರಿಸಿಬಿಡುತ್ತದೆ. ಅದೂ ನಮ್ಮದನ್ನು ಮಾತ್ರವಲ್ಲ, ಅದೇ ಸಾಲಿನಲ್ಲಿರುವ ಪಕ್ಕದ ಮನೆಯದನ್ನೂ. ದೊಡ್ಡಮ್ಮ ಇಸ್ತ್ರಿ ಹಚ್ಚಿದರೆ ದಪ್ಪ ಚಿಕ್ಕಮ್ಮನ ಮನೆ ಕತ್ತಲು. ಒಂದು ಸಂಜೆ ದಪ್ಪ ಚಿಕ್ಕಮ್ಮ ಬೀದಿಯಲ್ಲಿ ನಿಂತು "ನನ್ ಮನೆ ದೀಪ ಆರಿಸಿ ನಿನ್ ದುಡಿಮೆನಾ?" ಎಂದು ಕೂಗಿದಳು. ದೊಡ್ಡಮ್ಮ ಬಾಗಿಲು ಹಾಕಿಕೊಂಡಳು. ಆಯಿತು, ಅಲ್ಲಿಂದ ಮಾತಿಲ್ಲ. ಒಂದೇ ರೋಲರಿನ ಎರಡು ಕಡೆ ನಿಂತು ತಲೆ ಹಣ್ಣಾದವರು ಈಗ ನೀರಿನ ನಲ್ಲಿಯ ಹತ್ತಿರ ಎದುರಾದರೆ ಮುಖ ತಿರುಗಿಸುತ್ತಾರೆ. ಪಾಳಿ ಹೋಯಿತು. ಕೈ ಸುಟ್ಟುಕೊಂಡವಳು ಈಗ ಅವಳ ಮನೆಯಲ್ಲಿ ಅವಳೊಬ್ಬಳೇ ಕೈ ಸುಟ್ಟುಕೊಂಡು ಕೂತಿರಬೇಕು. ಆಸ್ಪತ್ರೆಯ ಬಟ್ಟೆ ನೋಡಿಕೊಳ್ಳುವಾಕೆ ಒಳ್ಳೆಯವಳು, ಈ ತಿಂಗಳ ಕೊನೆಯವರೆಗೆ ತಡೆದುಕೊಳ್ಳುತ್ತಾಳಂತೆ. ಅಷ್ಟರಲ್ಲಿ ನಮ್ಮ ಕೆಲಸ ಮೊದಲಿನ ಹಾಗೆ ಆಗದಿದ್ದರೆ ಹೊರಗಿನ ಕಂಪನಿಗೆ ಕೊಡಬೇಕು ಎಂದು ಮೇಲಿನಿಂದ ಹೇಳಿಬಿಟ್ಟಿದ್ದಾರಂತೆ. ಆಸ್ಪತ್ರೆ ಹೋದರೆ ನಮ್ಮ ಬೀದಿಗೆ ಮತ್ತೇನಿದೆ?

ಹಬೆ ಹೋದರೆ ಹೋಗಲಿ, ಶೆಡ್ಡಿಗೇ ಒಂದು ದೊಡ್ಡ ಕರೆಂಟಿನ ಸಾಲು ಕೊಡಿ, ಹಂಡೆ ರೋಲರ್ ಎಲ್ಲ ಅದರಲ್ಲೇ ಕಾಯಿಸಿಕೊಳ್ಳುತ್ತೇವೆ ಎಂದು ಕೇಳಲು ವಿದ್ಯುತ್ ಕಚೇರಿಗೆ ಹೋದೆವು. ಗಾಜಿನ ಹಿಂದೆ ಕೂತ ಗುಮಾಸ್ತ "ಕುಟುಂಬದ ಯಜಮಾನರ ಹೆಸರು?" ಎಂದ. ಕುಟುಂಬವಲ್ಲಪ್ಪ, ಬೀದಿಯವರೆಲ್ಲರದು ಎಂದೆ. "ಹಾಗಾದ್ರೆ ಅಂಗಡಿನಾ?" ಅಂಗಡಿಯೂ ಅಲ್ಲ. "ಮನೆನೂ ಅಲ್ಲ, ಅಂಗಡಿನೂ ಅಲ್ಲ ಅಂದ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ ಅಮ್ಮಾ, ನಾನೇನ್ ಮಾಡ್ಲಿ?" ಪಾಪ, ಅವನ ಮೇಲೆ ನನಗೆ ಕೋಪವಿಲ್ಲ. ಆ ಕಂಪ್ಯೂಟರಿಗೆ ಎರಡೇ ಉತ್ತರ ಕಲಿಸಿದವರ ಮೇಲೆ ಕೋಪ. ಹಳೇ ಮೀಟರು ನೋಡಿದರೆ ಒಂದು ಬಲ್ಬಿನ ಕರೆಂಟು ಮಾತ್ರ ಕಾಣುತ್ತದೆ, ಹಾಗಾಗಿ ಅದು "ಬಳಕೆಯಲ್ಲಿಲ್ಲದ ಕಟ್ಟಡ" ಅಂತೆ. ಮೊನ್ನೆ ಇಬ್ಬರು ಬಂದು ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೀಟು ಹಾಕಿ ಹೋದರು. ಅದನ್ನು ಕೆಡವಿ ಅಲ್ಲಿ ನಿಮ್ಮ ಬ್ಯಾಟರಿಗಳಿಗೆ ಮನೆ ಕಟ್ಟುತ್ತಾರಂತೆ. ಬ್ಯಾಟರಿಗೆ ಒಂದು ಮನೆ, ನಮಗೆ ಒಂದೊಂದು ಇಸ್ತ್ರಿಪೆಟ್ಟಿಗೆ. ಗುರುವಾರ ಪುರಭವನದಲ್ಲಿ ವಿದ್ಯುತ್ ಆಯೋಗದವರು ವಿಚಾರಣೆ ಮಾಡಿ, ತಕರಾರು ಇಲ್ಲದಿದ್ದರೆ ಈ ಯೋಜನೆಯನ್ನೇ ಇನ್ನೂ ನಾಲ್ಕು ಊರಿಗೆ ಒಯ್ಯುತ್ತಾರೆ, ನಮ್ಮ ಶೆಡ್ಡಿನ ಮೇಲೆ ಬುಲ್ಡೋಜರ್ ಬರುತ್ತದೆ. ನೀನು ಯೋಜನೆಯ ಪರವಾಗಿ ವೇದಿಕೆಯ ಮೇಲೆ ಕೂರುತ್ತೀಯ ಎಂದು ಕೇಳಿದೆ, ನಿನ್ನಿಂದಲ್ಲ, ಪೇಪರು ಹಾಕುವವನಿಂದ.

ನೀನು ದಡ್ಡಿಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮೊದಲ ಸಲ ನಕ್ಷೆ ತಂದು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡಿ, ಮೂಲೆ ಸುರುಳಿಯಾಗದಂತೆ ಚಹಾ ಲೋಟ ಇಟ್ಟು ತೋರಿಸಿದ್ದೆಯಲ್ಲ, ಅದರಲ್ಲಿ ಹಬೆಮನೆ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ. ಹಸಿರು ಬಣ್ಣದಲ್ಲಿ ಗುರುತು ಮಾಡಿದ್ದೆ. ಬಿಸಿಲಿರುವ ಹೊತ್ತಿನಲ್ಲಿ ಕರೆಂಟು ಧಾರಾಳ, ಆಗಲೇ ದೊಡ್ಡ ತೊಟ್ಟಿಯಲ್ಲಿ ನೀರು ಕಾಯಿಸಿ ಇಟ್ಟುಕೊಂಡರೆ ಸಂಜೆ ಯಾರ ದೀಪವೂ ಆರುವುದಿಲ್ಲ, ದೊಡ್ಡಮ್ಮನ ಪಾಳಿಯೂ ಹಾಗೇ ಉಳಿಯುತ್ತದೆ ಎಂದು ವಿವರಿಸಿದ್ದೆ. ನಿನ್ನ ಕಣ್ಣು ಹೊಳೆಯುತ್ತಿತ್ತು, ನಾನು ಊಟಕ್ಕೆ ಕರೆದದ್ದೂ ಕೇಳಿಸಿರಲಿಲ್ಲ. ಕೋಟಿನವರು ಒಪ್ಪುತ್ತಿಲ್ಲ, ಇಷ್ಟು ಮನೆಗೆ ಕೊಟ್ಟೆವು ಎಂದು ತೋರಿಸಲು ಅವರಿಗೆ ಮನೆಗಳೇ ಬೇಕು, ಶೆಡ್ಡು ಕೊಟ್ಟರೆ ಒಂದೇ ಲೆಕ್ಕ ಎನ್ನುತ್ತಾರೆ ಎಂದು ಆಮೇಲೆ ಒಂದು ದಿನ ಫೋನಿನಲ್ಲಿ ಬೇಸರ ಮಾಡಿಕೊಂಡೆ. ನಾನು ಜಗಳವಾಡು ಎಂದೆ. ನೀನು ಆಡ್ತೀನಿ ಎಂದೆ. ಅದಾದ ಮೇಲೆ ಸಭೆ, ಹೂಂ, ಫೋಟೋ. ಹಸಿರು ಗುರುತು ಎಲ್ಲಿ ಹೋಯಿತು ಎಂದು ನೀನೂ ಹೇಳಲಿಲ್ಲ, ನಿನ್ನ ಮರ್ಯಾದೆ ಕಾಯುತ್ತಾ ನಾನೂ ಹಲ್ಲು ಕಚ್ಚಿಕೊಂಡೆ.

ನಿಮ್ಮಪ್ಪ ನಿನ್ನ ವಕೀಲರು. "ಅವಳಿಗೂ ಮೇಲಿನವರ ಒತ್ತಡ ಇರುತ್ತೆ ಕಣೇ, ನೌಕರಿ ಅಲ್ವಾ" ಎನ್ನುತ್ತಾರೆ. ಇರಲಿ, ಒತ್ತಡ ಯಾರಿಗಿಲ್ಲ? ಅವರ ಬಾಯ್ಲರಿನಲ್ಲೂ ಇತ್ತು, ಆದರೆ ಅದು ಹೆಚ್ಚಾದಾಗ ಅವರು ಕೂಗಿ ಹೇಳುತ್ತಿದ್ದರು, ಸುಮ್ಮನೆ ನಿಂತು ನೋಡುತ್ತಿರಲಿಲ್ಲ ಎಂದೆ. ಅವರು ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಮಗಳನ್ನು ಬೈದರೆ ಅವರಿಗೆ ತಡೆಯುವುದಿಲ್ಲ. ನನಗೂ ತಡೆಯುವುದಿಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದನ್ನು ಬರೆಯುವಾಗ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ನಿನ್ನ ಮೇಲೆ ಇಷ್ಟು ಕೋಪ ಮಾಡಿಕೊಳ್ಳಲು ನನ್ನಿಂದ ಆಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಸಾಕು, ಕೈ ನೋಯುತ್ತಿದೆ, ಹಗ್ಗದ ಮೇಲಿನ ಬಟ್ಟೆ ಒಣಗಿದೆ. ದಪ್ಪ ಚಿಕ್ಕಮ್ಮ ನಿನ್ನನ್ನು ಕೇಳಿದೆ ಎಂದು ಬರೆ ಎಂದಳು, ದೊಡ್ಡಮ್ಮನೂ ಕೇಳಿದೆ ಎಂದು ಬರೆ ಎಂದಳು, ಇಬ್ಬರೂ ಬೇರೆ ಬೇರೆಯಾಗಿ ಬಂದು ಹೇಳಿ ಹೋದರು. ನಿಮ್ಮಪ್ಪನ ಆಶೀರ್ವಾದ. ನನ್ನದೂ ಇದೆ, ಬೈಗುಳದ ಅಡಿಯಲ್ಲಿ ಹುಡುಕಿಕೋ. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ, ಆ ಕುರ್ಚಿ ಬದಲಾಯಿಸಿಕೋ.

ಇಂತಿ,
ನಿನ್ನ ಅಮ್ಮ

ಮತ್ತೆ: ಸೋಮವಾರ ಬೆಳಿಗ್ಗೆ, ಲಕೋಟೆ ಅಂಟಿಸಿದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಹೇಳಬೇಕಾದದ್ದನ್ನೇ ಹೇಳಿರಲಿಲ್ಲ. ಗುರುವಾರ ನಮ್ಮ ಬೀದಿಯ ಪರವಾಗಿ ಮಾತಾಡುವವಳು ನಾನು. ಬೇರೆ ಯಾರೂ ಒಪ್ಪಲಿಲ್ಲ. "ನಮ್ ಕೈಲಿ ಆಗಲ್ಲ, ನಿನ್ ಮಗಳು, ನೀನೇ ನಿಲ್ಲು" ಎಂದರು. ಅಲ್ಲಿ ನಾನು ನಿನ್ನನ್ನು ಮೇಡಂ ಎನ್ನುತ್ತೇನೆ, ನೀನೂ ಅಮ್ಮಾ ಎನ್ನಬೇಡ. ಆಯೋಗದವರ ಮುಂದೆ ನಾನು ಕೇಳುವುದು ಒಂದೇ ಪ್ರಶ್ನೆ, ಈಗಲೇ ಹೇಳಿಬಿಡುತ್ತೇನೆ, ಬೆನ್ನ ಹಿಂದಿನಿಂದ ಹೊಡೆದಳು ಎನ್ನಬಾರದು. ಆವತ್ತು ಅವರೆಲ್ಲ ಹೂಂ ಅಂದಾಗ ನೀನು ಅದನ್ನು ನಂಬಿದೆಯಾ? ನಂಬಿದೆ ಎಂದರೆ ನನ್ನ ಮಗಳಿಗೆ ಅರ್ಥವಾಗಲಿಲ್ಲ ಎಂದುಕೊಳ್ಳುತ್ತೇನೆ, ಅದನ್ನು ಸರಿಮಾಡಬಹುದು. ಅದು ಬರೀ ಪ್ರೀತಿ ಎಂದು ಗೊತ್ತಿತ್ತು, ಗೊತ್ತಿದ್ದೂ ಹಸಿರು ಗುರುತು ಒರೆಸಿದೆ ಎಂದಾದರೆ ಅದನ್ನೂ ಅಲ್ಲೇ, ಮೈಕಿನಲ್ಲಿ, ಜೋರಾಗಿ ಹೇಳು. ಆಮೇಲೆ ಎರಡರಲ್ಲಿ ಯಾವುದಾದರೂ ಸರಿ, ಊಟಕ್ಕೆ ಮನೆಗೇ ಬಾ. ಆದರೆ ಸುಳ್ಳು ಮಾತ್ರ ಹೇಳಬೇಡ. ಮುಂದಿನ ಸಾಲಿನಲ್ಲಿ ಕೂತಿರುವವರೆಲ್ಲ ನಿನ್ನನ್ನು ಎತ್ತಿ ಆಡಿಸಿದವರು, ನಿನ್ನ ಮುಖ ನೋಡಿದರೆ ಅವರಿಗೆ ತಿಳಿದುಹೋಗುತ್ತದೆ, ಆದರೂ ನಿನಗೋಸ್ಕರ ಮತ್ತೆ ಹೂಂ ಅಂದುಬಿಡುತ್ತಾರೆ.